ಓದು ಅಂದರೆ ಮುಖ ತಿರುಗಿಸುವ ಮಗಳು: ಎಲ್ಲಿಂದ ಶುರು ಮಾಡಬೇಕು?

ನೀಲಿಪೆನ್ಸಿಲ್

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮಾತು ಅಂದರೆ ಅರಳು ಹುರಿದ ಹಾಗೆ. ಆದರೆ ಪುಸ್ತಕ ತೆಗೆದ ತಕ್ಷಣ ಬಾಯಾರಿಕೆ, ಹೊಟ್ಟೆನೋವು ಎಲ್ಲಾ ಒಟ್ಟಿಗೇ ಬರುತ್ತದೆ. ಹೇಗೋ ಕೂರಿಸಿದರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಇಲ್ಲವೇ ಚಿತ್ರ ನೋಡಿ ಏನೋ ಒಂದು ಹೇಳಿ ಮುಂದಕ್ಕೆ ಹೋಗುತ್ತಾಳೆ. ಮೊನ್ನೆ "ನಂಗೆ ಓದಕ್ಕೆ ಬರಲ್ಲ, ನಾನು ದಡ್ಡಿ" ಅಂದುಬಿಟ್ಟಳು. ಶಾಲೆಯಲ್ಲಿ ಕೇಳಿದರೆ "ಮನೇಲಿ ಜಾಸ್ತಿ ಓದಿಸಿ" ಅಂತಾರೆ. ಏನು ಓದಿಸಬೇಕು, ಹೇಗೆ ಓದಿಸಬೇಕು ಅಂತ ಯಾರೂ ಹೇಳುವುದಿಲ್ಲ. ನೀವೆಲ್ಲ ಏನು ಮಾಡಿದಿರಿ?

ನೇರಮಾತು

ದಿನಾ ಒಂದು ಗಂಟೆ ಕೂರಿಸಿ. ಮೊದಲು ಮೊಬೈಲ್ ಕಿತ್ತಿಡಿ. ನಮ್ಮ ಕಾಲದಲ್ಲಿ ಇಂಥ ಚರ್ಚೆ ಎಲ್ಲ ಇರಲಿಲ್ಲ, ಆದರೂ ಎಲ್ಲರೂ ಓದಲಿಲ್ವಾ?

ಕರಿಹಲಗೆ

ಎಲ್ಲರೂ ಓದಲಿಲ್ಲ ಸರ್. ಓದೋಕೆ ಬಾರದವರು ನಾಲ್ಕನೇ ಕ್ಲಾಸಿಗೋ ಐದನೇ ಕ್ಲಾಸಿಗೋ ಶಾಲೆ ಬಿಟ್ಟರು. ಉಳಿದವರು ಮಾತ್ರ ನಮ್ಮ ನೆನಪಲ್ಲಿದ್ದಾರೆ.

ನೀಲಿಪೆನ್ಸಿಲ್ ಮೇಡಂ, ನಾನು ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳು. "ಜಾಸ್ತಿ ಓದಿಸಿ" ಅನ್ನುವ ಮೊದಲು ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ನೋಡಬೇಕು. ಇವತ್ತೇ ಒಂದು ಕೆಲಸ ಮಾಡಿ. ಅವಳ ಪಾಠದಲ್ಲಿ ಇನ್ನೂ ಓದಿರದ ಎರಡು ಪ್ಯಾರಾ ಆರಿಸಿಕೊಳ್ಳಿ. ಒಂದನ್ನು ನೀವೇ ಓದಿ ಹೇಳಿ, ಏನರ್ಥವಾಯಿತು ಅಂತ ಕೇಳಿ. ಇನ್ನೊಂದನ್ನು ಅವಳೇ ಓದಲಿ, ಆಮೇಲೆ ಅದೇ ಥರ ಪ್ರಶ್ನೆ ಕೇಳಿ. ಓದುವಾಗ ತಿದ್ದಬೇಡಿ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಅವಳು ಏನಂದಳೋ ಅದನ್ನು ಹಾಗೇ ಗುರುತು ಹಾಕಿಕೊಳ್ಳಿ. ಇದು ಪರೀಕ್ಷೆ ಅಂತ ಅವಳಿಗೆ ಅನ್ನಿಸಬಾರದು.

ಮಾತಿನಮನೆ

ಕರಿಹಲಗೆ ಮೇಡಂ ಹೇಳಿದ್ದಕ್ಕೆ ಒಂದು ಹೆಸರಿದೆ. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನುವ ಇಬ್ಬರು ಸಂಶೋಧಕರು ಓದನ್ನು ಒಂದು ಗುಣಾಕಾರದ ಲೆಕ್ಕದ ಹಾಗೆ ಇಟ್ಟರು. ಅಕ್ಷರದಿಂದ ಪದ ಬಿಡಿಸುವ ಶಕ್ತಿ ಒಂದು ಕಡೆ. ಕೇಳಿದ ಭಾಷೆಯನ್ನು ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು ಕಡೆ. ಎರಡನ್ನೂ ಗುಣಿಸಿದರೆ ಬರುವುದೇ ಓದಿ ಅರ್ಥ ಮಾಡಿಕೊಳ್ಳುವುದು. ಗುಣಾಕಾರ ಯಾಕೆ ಅಂದರೆ, ಒಂದು ಕಡೆ ಸೊನ್ನೆ ಇದ್ದರೆ ಇನ್ನೊಂದು ಎಷ್ಟೇ ಇರಲಿ, ಉತ್ತರ ಸೊನ್ನೆಯೇ.

ನನ್ನ ಹತ್ತಿರ ಎರಡೂ ಥರದ ಮಕ್ಕಳು ಬರುತ್ತಾರೆ. ಕೆಲವರು ಪಟಪಟ ಅಂತ ಓದುತ್ತಾರೆ, ಏನು ಓದಿದೆ ಅಂದರೆ ಮಿಕಮಿಕ ನೋಡುತ್ತಾರೆ. ಇನ್ನು ಕೆಲವರಿಗೆ ಕತೆ ಹೇಳಿದರೆ ಮುಂದೇನಾಗುತ್ತೆ ಅಂತ ಅವರೇ ಹೇಳಿಬಿಡುತ್ತಾರೆ, ಪುಟ ತೋರಿಸಿದರೆ ಗಂಟಲು ಕಟ್ಟುತ್ತದೆ. ಇಬ್ಬರಿಗೂ ಒಂದೇ ಔಷಧ ಕೊಟ್ಟರೆ ಆಗಲ್ಲ. ಮೊದಲಿನವರಿಗೆ ಮಾತು, ಕತೆ, ಪ್ರಪಂಚದ ವಿಷಯ ಬೇಕು. ಎರಡನೆಯವರಿಗೆ ಅಕ್ಷರದ ಕೆಲಸವೇ ಆಗಬೇಕು.

ಇನ್ನೊಂದು ಮಾತು. ಕಣ್ಣು ಮತ್ತು ಕಿವಿ ಒಮ್ಮೆ ತೋರಿಸಿಬಿಡಿ. ಬೋರ್ಡು ಕಾಣದ ಮಗು, ಒಂದು ಕಿವಿ ಮಂದ ಇರುವ ಮಗು ವರ್ಷಗಟ್ಟಲೆ "ಗಮನ ಕೊಡಲ್ಲ" ಅಂತ ಬೈಸಿಕೊಂಡಿರುತ್ತದೆ.

ನೀಲಿಪೆನ್ಸಿಲ್

ಮಾಡಿದೆ. ನಾನು ಓದಿದ ಪ್ಯಾರಾದಲ್ಲಿ ಒಂದೂ ಬಿಡದೆ ಉತ್ತರ ಹೇಳಿದಳು, ಮೇಲಿಂದ ನನಗೇ ಎರಡು ಪ್ರಶ್ನೆ ಹಾಕಿದಳು. ಅವಳೇ ಓದಿದಾಗ ಚೀಟಿ ತುಂಬಿಹೋಯಿತು. "ಸೂರ್ಯ" ಇದ್ದದ್ದನ್ನು "ಸೂಯರ್" ಅಂದಳು. "ಬಳ್ಳಿ" ಇದ್ದಲ್ಲಿ "ಬಳಿ". "ಹೋಗುತ್ತಿದ್ದಳು" ಅನ್ನುವುದನ್ನು "ಹೋಗುತ್ತಾಳೆ". ಒಂದು ಕಡೆ "ತೋಳ" ಅಂತ ಇತ್ತು, ಚಿತ್ರ ನೋಡಿ "ನಾಯಿ" ಅಂದಳು. ಕೊನೆಗೆ ಕತೆ ಏನು ಅಂದರೆ "ಗೊತ್ತಿಲ್ಲ" ಅಂತ ಎದ್ದುಹೋದಳು.

ಕರಿಹಲಗೆ

ಈ ಚೀಟಿ ಬಂಗಾರ ಮೇಡಂ. ಇದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಇವೆ. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು "ಸೂಯರ್". ಅರ್ಕಾವತ್ತು ಬರೆಯುವುದು ಅಕ್ಷರದ ಆಚೆ, ಓದುವುದು ಅಕ್ಷರಕ್ಕಿಂತ ಮೊದಲು. ಅಂದರೆ ಅವಳು ಎಡದಿಂದ ಬಲಕ್ಕೆ ಸರಿಯಾಗೇ ಓದಿದ್ದಾಳೆ. ಲಿಪಿ ಇಲ್ಲಿ ಒಂದು ಹೆಜ್ಜೆ ಹಿಂದೆ ಹೋಗು ಅನ್ನುತ್ತದೆ, ಅದನ್ನು ಯಾರೋ ಒಬ್ಬರು ಅವಳಿಗೆ ಬಾಯಿಬಿಟ್ಟು ಹೇಳಬೇಕು. ಸೂರ್ಯ, ಹರ್ಷ, ಮಾರ್ಗ, ಬರ್ತಾನೆ, ಇರ್ಲಿ. ಇಂಥ ಹತ್ತು ಪದ ಬರೆದು, ಅರ್ಕಾವತ್ತಿಗೆ ಮಾತ್ರ ಬೇರೆ ಬಣ್ಣ ಹಾಕಿ. ಅಲ್ಲಿಂದ ಹಿಂದಕ್ಕೆ ಒಂದು ಬಾಣ ಎಳೆಯಿರಿ. ಕೆಲವೇ ದಿನದಲ್ಲಿ ಬಾಣ ಬೇಕಾಗಲ್ಲ.

"ಬಳಿ" ಒತ್ತಕ್ಷರದ ತೊಂದರೆ. ನಮ್ಮ ಒತ್ತುಗಳಲ್ಲಿ ಹೆಚ್ಚಿನವು ತಲೆಕಟ್ಟು ತೆಗೆದ ಮೂಲ ಅಕ್ಷರದ ಹಾಗೇ ಇರುತ್ತವೆ, ಮಕ್ಕಳು ಊಹಿಸಿಕೊಳ್ಳುತ್ತಾರೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಅಕ್ಷರಕ್ಕೂ ಸಂಬಂಧವೇ ಕಾಣಲ್ಲ. ಈ ಆರನ್ನು ಬೇರೆಯಾಗಿಯೇ ಕಲಿಸಬೇಕು. ಒತ್ತು ಬಿಟ್ಟರೆ ಅರ್ಥ ಕೆಡುತ್ತದೆ ಅಂತ ತೋರಿಸಲು ಜೋಡಿ ಪದ ಕೊಡಿ. ಬಳಿ, ಬಳ್ಳಿ. ಹಳಿ, ಹಳ್ಳಿ. ಕತೆ, ಕತ್ತೆ. "ಅಜ್ಜಿ ನನಗೆ ಕತ್ತೆ ಹೇಳಿದಳು" ಅಂತ ಬರೆದುಕೊಡಿ, ನೋಡಿ. ನನ್ನ ಕ್ಲಾಸಿನಲ್ಲಿ ಆ ಒಂದು ವಾಕ್ಯಕ್ಕೆ ನಕ್ಕಷ್ಟು ಇನ್ಯಾವುದಕ್ಕೂ ನಗುವುದಿಲ್ಲ, ಮತ್ತೆ ಒತ್ತು ಬಿಟ್ಟು ಓದುವುದೂ ಕಡಿಮೆಯಾಗುತ್ತದೆ.

"ಹೋಗುತ್ತಾಳೆ" ಬೇರೆ ಕತೆ. ಪದದ ತಲೆ ನೋಡಿ ಬಾಲವನ್ನು ಊಹೆ ಮಾಡಿದ್ದಾಳೆ. ಕನ್ನಡದಲ್ಲಿ ಕಾಲ, ಲಿಂಗ, ವಚನ ಎಲ್ಲಾ ಬಾಲದಲ್ಲೇ ಕೂತಿರುತ್ತದೆ, ಅಲ್ವಾ? ಉದ್ದ ಪದ ಬಂದಾಗ ಪೆನ್ಸಿಲ್ಲಿನಲ್ಲಿ ಕೆಳಗೆ ಕಮಾನು ಹಾಕಿ ತುಂಡು ಮಾಡಿ: ಹೋಗು, ತ್ತಿದ್ದ, ಳು. ತುಂಡು ತುಂಡಾಗಿ ಓದಿ, ಆಮೇಲೆ ಒಂದೇ ಉಸಿರಿನಲ್ಲಿ ಕೂಡಿಸಿ ಓದಲಿ. ಕೂಡಿಸುವುದನ್ನು ಮರೆಯಬೇಡಿ. ತುಂಡಲ್ಲೇ ನಿಂತರೆ ಅರ್ಥ ಬರಲ್ಲ.

"ತೋಳ" ವಿಷಯ ಆಮೇಲೆ ಬರೆಯುತ್ತೇನೆ, ಅದಕ್ಕೆ ಇಲ್ಲಿ ಜಗಳ ಆಗುವುದು ಗ್ಯಾರಂಟಿ.

ಒಂದು ಸಮಾಧಾನದ ಮಾತೂ ಹೇಳಬೇಕು. 34 ವ್ಯಂಜನ, ಒಂದೊಂದಕ್ಕೆ 15 ಕಾಗುಣಿತ ರೂಪ ಅಂದರೆ 510 ಆಯಿತು. ಒತ್ತಕ್ಷರ ಇನ್ನೂ ಸೇರಿಸಿಲ್ಲ. ಅದರಲ್ಲಿ ಪ, ವ, ಷ ಒಂದೇ ಥರ ಕಾಣುತ್ತವೆ. ಮ ಮತ್ತು ವು ನೋಡಿದರೆ ದೊಡ್ಡವರಿಗೂ ಗಲಿಬಿಲಿ. ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಬಂತು. ಪೂರ್ತಿ ಅಕ್ಷರಗಳ ಮೇಲೆ ಹಿಡಿತ ಬರಲು ನಾಲ್ಕನೇ ತರಗತಿ, ಅದಕ್ಕಿಂತ ಆಚೆಯೂ ಹಿಡಿಯುತ್ತದೆ ಅಂತ ಅದರಲ್ಲಿ ಕಂಡಿತು. ಇಂಗ್ಲಿಷಿನ 26 ಅಕ್ಷರಕ್ಕೆ ಹೋಲಿಸಿ ಅವಸರ ಮಾಡಬೇಡಿ. ಮೂರನೇ ಕ್ಲಾಸಿನಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗು ದಡ್ಡಿ ಅಲ್ಲವೇ ಅಲ್ಲ. ಇದನ್ನು ಅವಳಿಗೂ ಹೇಳಿ: "ಇದು ಕಷ್ಟದ ಕೆಲಸಾನೇ, ಎಲ್ಲರಿಗೂ ಟೈಮ್ ಬೇಕು."

ರಾತ್ರಿಪಾಳಿ

ನನ್ನ ಮಗ ಚಿಕ್ಕವನು, ಒಂದನೇ ಕ್ಲಾಸು. ಅಆಇಈ ಎಲ್ಲಾ ಕಂಠಪಾಠ. ಕ ಕಾ ಕಿ ಕೀ ರಾಗವಾಗಿ ಹೇಳ್ತಾನೆ. ಆದರೆ ನಡುವೆ "ಕೀ" ತೋರಿಸಿ ಇದೇನು ಅಂದರೆ ಮೊದಲಿಂದ ಶುರು ಮಾಡ್ತಾನೆ. ಇದು ಸರೀನಾ?

ಕರಿಹಲಗೆ

ಅವನು ಹಾಡು ಕಲಿತಿದ್ದಾನೆ ಸರ್, ಅಕ್ಷರ ಇನ್ನೂ ಕಲಿತಿಲ್ಲ. ವರ್ಣಮಾಲೆಯ ಸಾಲು ಬಿಟ್ಟು, ಪದ ಕಟ್ಟಲು ಬರುವ ಅಕ್ಷರದಿಂದ ಶುರು ಮಾಡಿ. ಹಳೆಯ ಪಾಠಗಳಲ್ಲಿ ರ ಗ ಸ ದ ಅ ಅಂತ ಶುರುವಾಗುತ್ತಿದ್ದದ್ದು ಸುಮ್ನೆ ಅಲ್ಲ. ಐದೇ ಅಕ್ಷರ, ಆದರೆ ಅರಸ, ಅಗಸ, ಗರಗಸ, ಸರ, ದರ ಇಷ್ಟು ಪದ ಮಗು ತಾನೇ ಓದುತ್ತದೆ. ಮೊದಲನೇ ವಾರವೇ "ನಾನು ಓದಿದೆ" ಅನ್ನುವ ಧೈರ್ಯ ಬರುತ್ತದೆ. ಕಾಗುಣಿತವನ್ನೂ ಅಡ್ಡಸಾಲಿಗಿಂತ ಉದ್ದಸಾಲಿನಲ್ಲಿ ಮಾಡಿಸಿ ನೋಡಿ. ಇವತ್ತು ಇಳಿ ಮಾತ್ರ: ಕಾ, ಗಾ, ರಾ, ಸಾ. ನಾಳೆ ಗುಡಿಸು: ಕಿ, ಗಿ, ರಿ, ಸಿ. ಗುರುತು ಯಾವ ಅಕ್ಷರಕ್ಕೆ ಹತ್ತಿದರೂ ಅದೇ ಸ್ವರ ಅನ್ನುವುದು ಹಾಗೆ ಹೊಳೆಯುತ್ತದೆ.

ರಾತ್ರಿಪಾಳಿ

ಥ್ಯಾಂಕ್ಸ್ ಮೇಡಂ. ಇನ್ನೊಂದು ಡೌಟು, ಎಲ್ಲರಿಗೂ. ಓದುವಾಗ ತಪ್ಪಿದರೆ ತಕ್ಷಣ ತಿದ್ದಬೇಕಾ, ಬಿಡಬೇಕಾ? ನಮ್ಮ ಮನೆಯಲ್ಲಿ ಇದಕ್ಕೇ ನಿತ್ಯ ವಾದ.

ಗೂಬೆಮರಿ

ಬಿಟ್ಟುಬಿಡಿ! ನಾನು ಮಕ್ಕಳ ಗ್ರಂಥಾಲಯದಲ್ಲಿ ಕೆಲಸ ಮಾಡ್ತೀನಿ. ಪ್ರತಿ ಪದಕ್ಕೂ ಅಪ್ಪ "ಅಲ್ಲ, ಅಲ್ಲ" ಅಂತಿದ್ದರೆ ಮಗು ಪುಸ್ತಕ ನೋಡುವುದನ್ನು ಬಿಟ್ಟು ಅಪ್ಪನ ಮುಖ ನೋಡಿಕೊಂಡು ಓದುತ್ತದೆ. ಸಂತೋಷ ಮುಖ್ಯ.

ಮಾತಿನಮನೆ

ಮುಖ ನೋಡುವುದು ನಿಜ, ನಾನೂ ದಿನಾ ನೋಡುತ್ತೇನೆ. ಆದರೆ ಪೂರ್ತಿ ಬಿಡುವುದು ಬೇಡ. ನ್ಯೂಜಿಲೆಂಡಿನಲ್ಲಿ ಮನೆಯವರಿಗಾಗಿಯೇ ರೂಪಿಸಿದ ಒಂದು ಕ್ರಮ ಇದೆ: ತಡಿ, ಸುಳಿವು ಕೊಡು, ಮೆಚ್ಚು. ಮಗು ನಿಂತರೆ ಐದು ಸೆಕೆಂಡು ಸುಮ್ಮನಿರಿ. ಐದು ಸೆಕೆಂಡು ಎಷ್ಟು ಉದ್ದ ಅಂತ ಮಾಡಿ ನೋಡಿದರೇ ಗೊತ್ತಾಗುವುದು, ನಾಲಿಗೆ ತುರಿಸುತ್ತದೆ. ಆಗಲೂ ಬರದಿದ್ದರೆ ಒಂದು ಸುಳಿವು. "ಕೆಳಗೆ ಯಾವ ಒತ್ತು ಇದೆ ನೋಡು" ಅಥವಾ "ವಾಕ್ಯ ಮೊದಲಿಂದ ಓದು". ಎರಡು ಸುಳಿವಿಗೂ ಆಗದಿದ್ದರೆ ಪದ ನೀವೇ ಹೇಳಿ ಮುಂದಕ್ಕೆ ಹೋಗಿ. ಭಾಷಣ ಬೇಡ.

ಮೆಚ್ಚುವಾಗ "ಗುಡ್, ಜಾಣ" ಅಂದರೆ ಮಗುವಿಗೆ ಏನೂ ಸಿಗಲ್ಲ. "ನೀನೇ ವಾಪಸ್ ಹೋಗಿ ತಿದ್ದಿಕೊಂಡೆ ನೋಡು" ಅಂದರೆ ಏನು ಮಾಡಿದ್ದಕ್ಕೆ ಕೆಲಸ ಆಯಿತು ಅಂತ ತಿಳಿಯುತ್ತದೆ. ತಾನೇ ತಿದ್ದಿಕೊಳ್ಳುವ ಮಗುವಿನ ಮೇಲೆ ನನಗೆ ಯಾವಾಗಲೂ ಭರವಸೆ ಜಾಸ್ತಿ. ಅರ್ಥ ಕೂಡಲಿಲ್ಲ ಅಂತ ಅದರ ಕಿವಿಗೇ ಕೇಳಿಸಿದೆ ಅಂತ ತಾನೇ?

ಕರಿಹಲಗೆ

ಈಗ "ತೋಳ". ಚಿತ್ರ ನೋಡಿ ಪದ ಊಹಿಸು ಅಂತ ಹೇಳಿಕೊಡುವ ಪದ್ಧತಿ ಎಷ್ಟೋ ದೇಶಗಳ ಶಾಲೆಗಳಲ್ಲಿತ್ತು. ಚೆನ್ನಾಗಿ ಓದುವವರು ಹೀಗೇ ಊಹೆ ಮಾಡುತ್ತಾರೆ ಅನ್ನುವ ನಂಬಿಕೆ ಅದರ ಹಿಂದೆ ಇತ್ತು. ಆಮೇಲೆ ಕಂಡದ್ದು ತಿರುಗಮುರುಗ: ಊಹೆಗೆ ಜಾಸ್ತಿ ಜೋತುಬೀಳುವವರು ಓದಿನಲ್ಲಿ ಹಿಂದಿರುವ ಮಕ್ಕಳೇ. ಸರಾಗವಾಗಿ ಓದುವವರ ಕಣ್ಣು ಹೆಚ್ಚು ಕಡಿಮೆ ಪ್ರತಿ ಪದದ ಅಕ್ಷರಗಳ ಮೇಲೂ ಹರಿಯುತ್ತದೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿಯೂ ಅಕ್ಷರ ಮತ್ತು ದನಿಯ ನಂಟನ್ನು ನೇರವಾಗಿ, ಕ್ರಮವಾಗಿ ಕಲಿಸಿ ಅಂತಲೇ ಹೇಳಿತು. ಹಾಗಾಗಿ ಓದುವಾಗ ಚಿತ್ರವನ್ನು ಒಂದು ರಟ್ಟಿನಿಂದ ಮುಚ್ಚಿ. ಓದಿ ಮುಗಿದ ಮೇಲೆ ತೆಗೆದು "ನೀನು ಓದಿದ್ದಕ್ಕೂ ಚಿತ್ರಕ್ಕೂ ಹೊಂದುತ್ತಾ?" ಅಂತ ಕೇಳಿ.

ಗೂಬೆಮರಿ

ಮೇಡಂ, ಕ್ಷಮಿಸಿ, ಚಿತ್ರ ಮುಚ್ಚಿದರೆ ಅದು ಮಕ್ಕಳ ಪುಸ್ತಕ ಹೇಗಾಗುತ್ತೆ? ಚಿತ್ರ ನೋಡೋದಕ್ಕೇ ಎಷ್ಟೋ ಮಕ್ಕಳು ಪುಸ್ತಕ ಕೈಗೆ ತೆಗೆದುಕೊಳ್ಳೋದು. ಕಾಮಿಕ್ಸ್ ಓದೋ ಮಗುವಿಗೆ ಏನು ಮಾಡ್ತೀರಿ?

ಕರಿಹಲಗೆ

ಎಲ್ಲ ಪುಸ್ತಕಕ್ಕೂ ಅಂದಿಲ್ಲ. ಅಭ್ಯಾಸಕ್ಕೆ ಕೂತ ಹತ್ತು ನಿಮಿಷದ ಮಾತು ಅದು. ಉಳಿದ ಹೊತ್ತಿನಲ್ಲಿ ಚಿತ್ರ ನೋಡಲಿ, ಕಾಮಿಕ್ಸ್ ಓದಲಿ, ಪುಸ್ತಕ ತಲೆಕೆಳಗಾಗಿ ಹಿಡಿಯಲಿ. ಅಭ್ಯಾಸ ಬೇರೆ, ಖುಷಿಗೆ ಓದುವುದು ಬೇರೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ ಅನ್ನುವುದು ನನ್ನ ಅನಿಸಿಕೆ.

ಗೂಬೆಮರಿ

ಹತ್ತು ನಿಮಿಷ ಅಂದರೆ ಒಪ್ಪಿದೆ. ಅರ್ಧ ಮನಸ್ಸಿಂದ.

ನೇರಮಾತು

ಹತ್ತು ನಿಮಿಷದಲ್ಲಿ ಏನಾಗುತ್ತೆ ಹೇಳಿ?

ಮಾತಿನಮನೆ

ಒಂದೇ ಚಿಕ್ಕ ಪ್ಯಾರಾವನ್ನು ಮೂರು ನಾಲ್ಕು ಸಲ ಓದಬಹುದು, ಅಷ್ಟು ಸಾಕು. 1979ರಲ್ಲಿ ಸ್ಯಾಮ್ಯುಯೆಲ್ಸ್ ಅನ್ನುವವರು ಈ ಮರುಓದಿನ ಕ್ರಮದ ಬಗ್ಗೆ ಬರೆದರು. 50ರಿಂದ 200 ಪದದ ಭಾಗ ಆರಿಸಿ, ಸರಾಗವಾಗುವವರೆಗೆ ಅದನ್ನೇ ಓದಿಸುವುದು. ಆಮೇಲೆ ಹೊಸ ಭಾಗ. ಕನ್ನಡ ಪದ ಉದ್ದ ಇರುವುದರಿಂದ ನಾನು 40 ಪದದಿಂದಲೇ ಶುರು ಮಾಡಿಸುತ್ತೇನೆ. ಹಿಂದಿನ ಕಾರಣ ಸರಳ. ಅಕ್ಷರ ಬಿಡಿಸುವುದಕ್ಕೇ ಮನಸ್ಸೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯಲ್ಲ. ಸೈಕಲ್ ಕಲಿಯುವವರಿಗೆ ಪೆಡಲ್ ಮೇಲೇ ಗಮನ ಇದ್ದಾಗ ದಾರಿ ಕಾಣದ ಹಾಗೆ.

ನೀಲಿಪೆನ್ಸಿಲ್ ಅವರ ಮಗಳಿಗೆ ಇದು ಹೇಳಿ ಮಾಡಿಸಿದ್ದು. ಮೊದಲು ನೀವು ಭಾವ ತುಂಬಿ ಒಮ್ಮೆ ಓದಿ. ಆಮೇಲೆ ಇಬ್ಬರೂ ಒಟ್ಟಿಗೆ, ನಿಮ್ಮ ದನಿ ಸ್ವಲ್ಪ ಮೆಲ್ಲಗೆ. ಆಮೇಲೆ ಅವಳೊಬ್ಬಳೇ. ಮೊದಲ ಸಲಕ್ಕೂ ಕೊನೆಯ ಸಲಕ್ಕೂ ಇರುವ ವ್ಯತ್ಯಾಸ ಅವಳಿಗೇ ಕೇಳಿಸುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದರೆ ಇನ್ನೂ ಒಳ್ಳೆಯದು. "ನಂಗೆ ಬರಲ್ಲ" ಅನ್ನುವ ಮಗುವಿಗೆ ನಮ್ಮ ಹೊಗಳಿಕೆಗಿಂತ ತನ್ನದೇ ದನಿ ದೊಡ್ಡ ಸಾಕ್ಷಿ.

ನೇರಮಾತು

ನಾಲ್ಕು ಸಲ ಓದಿದರೆ ಉರು ಹೊಡೆದಂತೆಯೇ ಅಲ್ವಾ? ರಾತ್ರಿಪಾಳಿ ಅವರ ಮಗನ ಕ ಕಾ ಕಿ ಕೀ ಥರ.

ಮಾತಿನಮನೆ

ಒಳ್ಳೆ ಪ್ರಶ್ನೆ ಸರ್. ಅದಕ್ಕೇ ಪರೀಕ್ಷೆ ಮಾಡಿಕೊಳ್ಳಬೇಕು. ಅದೇ ಪ್ಯಾರಾದ ಪದಗಳನ್ನು ಬೇರೆ ಕ್ರಮದಲ್ಲಿ ಬರೆದು ತೋರಿಸಿ. ಅಥವಾ ಅದೇ ಪದಗಳಿಂದ ಬೇರೆ ವಾಕ್ಯ ಮಾಡಿ ಕೊಡಿ. ಓದಿದರೆ ಕಲಿತಿದ್ದಾಳೆ. ಡೇವಿಡ್ ಶೇರ್ 1995ರಲ್ಲಿ ಹೇಳಿದ ಮಾತೊಂದು ಇಲ್ಲಿ ಮುಖ್ಯ: ಮಗು ಒಂದು ಹೊಸ ಪದವನ್ನು ತಾನೇ ಅಕ್ಷರ ಬಿಡಿಸಿ ಓದಿದಾಗಲೆಲ್ಲ ಆ ಪದದ ರೂಪ ತಲೆಯಲ್ಲಿ ಕೂರುತ್ತದೆ. ಕೆಲವೇ ಸಲಕ್ಕೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಅಂದರೆ ಎಲ್ಲ ಪದವನ್ನೂ ನಾವು ಕಲಿಸಬೇಕಾಗಿಲ್ಲ. ಬಿಡಿಸುವ ದಾರಿ ತೋರಿಸಿದರೆ ಮಿಕ್ಕದ್ದನ್ನು ಓದೇ ಕಲಿಸುತ್ತದೆ.

ನೀಲಿಪೆನ್ಸಿಲ್

ಒಂದು ಪುಸ್ತಕ ಮುಗಿಸಿದರೆ ಒಂದು ಚಾಕೊಲೇಟ್ ಅಂತ ನಮ್ಮತ್ತೆಯವರ ಸಲಹೆ. ಕೊಡಬಹುದಾ?

ನೇರಮಾತು

ಕೊಡಿ. ಕೆಲಸ ಮಾಡಿದವರಿಗೆ ಕೂಲಿ ಕೊಡಲ್ವಾ?

ಕರಿಹಲಗೆ

ಅದೇ ಭಯ ಸರ್, ಓದು ಕೂಲಿ ಆಗಿಬಿಡುತ್ತೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು ಒಂದು ಪ್ರಯೋಗ ಮಾಡಿದರು. ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳು. ಕೆಲವರಿಗೆ "ಬರೆದರೆ ಬಹುಮಾನ" ಅಂತ ಮೊದಲೇ ಹೇಳಿ ಕೊಟ್ಟರು. ಸ್ವಲ್ಪ ದಿನ ಕಳೆದು ಬಹುಮಾನದ ಮಾತಿಲ್ಲದೆ ಪೆನ್ನು ಇಟ್ಟರೆ ಆ ಮಕ್ಕಳು ಮೊದಲಿನಷ್ಟು ಬರೆಯಲಿಲ್ಲ. ಮಾತು ಕೊಡದೆ ಅಚಾನಕ್ಕಾಗಿ ಬಹುಮಾನ ಪಡೆದವರಿಗೆ ಹಾಗಾಗಲಿಲ್ಲ. ಕೊಡಲೇಬೇಕು ಅನ್ನಿಸಿದರೆ ಇನ್ನೊಂದು ಪುಸ್ತಕ ಕೊಡಿ, ಅಥವಾ ಮಲಗುವ ಹೊತ್ತು ಹದಿನೈದು ನಿಮಿಷ ಮುಂದೆ ಹಾಕಿ, ಓದಿಕೊಳ್ಳಲಿ ಅಂತ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳುವ ಉಪಾಯ ಮಾತ್ರ ನನ್ನ ಹತ್ತಿರ ಇಲ್ಲ.

ಗೂಬೆಮರಿ

ಅವಳಿಗೆ ಏನು ಇಷ್ಟ ನೀಲಿಪೆನ್ಸಿಲ್? ಕತೆ ಅಲ್ಲದಿದ್ದರೂ ಆಗುತ್ತೆ.

ನೀಲಿಪೆನ್ಸಿಲ್

ಹುಳ! ಇರುವೆ, ಜೇಡ, ಜೀರುಂಡೆ. ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡು ಓಡಾಡ್ತಾಳೆ.

ಗೂಬೆಮರಿ

ಹಾಗಾದರೆ ರಾಜಕುಮಾರಿ ಕತೆ ಬಿಟ್ಟು ಹುಳದ ಪುಸ್ತಕ ಹುಡುಕಿ. ಇದು ಬರೀ ಆಸೆ ತೀರಿಸುವ ಮಾತಲ್ಲ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಅನ್ನುವವರು ಬೇಸ್‌ಬಾಲ್ ಆಟದ ಬಗ್ಗೆ ಒಂದು ಬರಹ ಕೊಟ್ಟು ಮಕ್ಕಳಿಗೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಜಾಸ್ತಿ ನೆನಪಿಟ್ಟುಕೊಂಡು ಹೇಳಿದರು. ವಿಷಯ ಗೊತ್ತಿದ್ದರೆ ಓದು ಅರ್ಧ ಹಗುರ. ಜೇಡಕ್ಕೆ ಎಷ್ಟು ಕಾಲು ಅಂತ ಗೊತ್ತಿರುವ ಹುಡುಗಿ "ಎಂಟು" ಅನ್ನುವ ಪದಕ್ಕೆ ತಡವರಿಸಲ್ಲ.

ಪುಸ್ತಕ ಆರಿಸಲು ನಾವು ಮಕ್ಕಳಿಗೆ ಹೇಳಿಕೊಡುವ ಸುಲಭದ ಲೆಕ್ಕ: ಒಂದು ಪುಟ ತೆರೆದು ಓದು, ಬರದ ಪದಕ್ಕೆ ಒಂದೊಂದು ಬೆರಳು ಮಡಚು. ಐದೂ ಬೆರಳು ಮಡಚಿತಾ, ಆ ಪುಸ್ತಕ ಅಪ್ಪ ಅಮ್ಮ ಓದಿ ಹೇಳಲಿ. ಎರಡೋ ಮೂರೋ ಬೆರಳಾದರೆ ನೀನೇ ಓದು. ಚೆನ್ನಾಗಿ ಅರ್ಥವಾಗಲು ನೂರರಲ್ಲಿ 98ರಷ್ಟು ಪದ ಗೊತ್ತಿರಬೇಕು ಅಂತ ಭಾಷೆ ಕಲಿಯುವವರ ಮೇಲೆ ಮಾಡಿದ ಅಧ್ಯಯನಗಳು ಹೇಳುತ್ತವೆ. ನಾವು ಸಾಮಾನ್ಯವಾಗಿ ಮಕ್ಕಳ ಕೈಗೆ ಅದಕ್ಕಿಂತ ಎಷ್ಟೋ ಕಷ್ಟದ್ದನ್ನು ಕೊಟ್ಟು "ಓದಲ್ಲ" ಅಂತ ದೂರುತ್ತೇವೆ.

ಮತ್ತೆ ದಯವಿಟ್ಟು, ಅವಳು ಓದಲು ಕಲಿತ ಮೇಲೂ ನೀವು ಓದಿ ಹೇಳುವುದನ್ನು ನಿಲ್ಲಿಸಬೇಡಿ. ಮಕ್ಕಳ ಪುಸ್ತಕದಲ್ಲಿ ಬರುವ ಅಪರೂಪದ ಪದಗಳು ದೊಡ್ಡವರ ಮಾತುಕತೆಯಲ್ಲೂ ಅಷ್ಟು ಬರುವುದಿಲ್ಲ. ನಾವು ಮನೆಯಲ್ಲಿ "ಹೋಗ್ತಿದ್ದ" ಅಂತೀವಿ, ಪುಸ್ತಕದಲ್ಲಿ "ಹೋಗುತ್ತಿದ್ದನು" ಇರುತ್ತೆ. ಕಿವಿಗೆ ಬಿದ್ದಿರದ ರೂಪ ಕಣ್ಣಿಗೆ ಬಿದ್ದರೆ ಮಗು ಎಡವುವುದು ಸಹಜ.

ಕರಿಹಲಗೆ

ಈ ಕೊನೆಯ ಮಾತಿಗೆ ನನ್ನದು ಪೂರ್ತಿ ಮನಸ್ಸಿನ ಒಪ್ಪಿಗೆ. ಓದಿ ಹೇಳುವಾಗ ನಡುನಡುವೆ ನಿಲ್ಲಿಸಿ ಕೇಳಿ. "ಏನಿದು?" ಅನ್ನುವುದಕ್ಕಿಂತ "ಅವನು ಯಾಕೆ ಹಾಗೆ ಮಾಡಿದ?", "ನೀನಾಗಿದ್ದರೆ?" ಅನ್ನುವ ಥರ. ಅವಳು ಒಂದು ಪದದಲ್ಲಿ ಉತ್ತರ ಹೇಳಿದರೆ ನೀವು ಅದನ್ನು ಪೂರ್ತಿ ವಾಕ್ಯ ಮಾಡಿ ವಾಪಸ್ ಹೇಳಿ. ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲೇ ಇದನ್ನು ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರಿಗೆ ಕಲಿಸಿ ನೋಡಿದ್ದರು. ಮಕ್ಕಳ ಮಾತು ಬೆಳೆಯಿತು. ಆದರೆ ಪುಟಕ್ಕೊಂದು ಪ್ರಶ್ನೆ ಹಾಕಿ ಕತೆಯ ಕತ್ತು ಹಿಸುಕಬೇಡಿ.

ರಾತ್ರಿಪಾಳಿ

ಮೊಬೈಲಲ್ಲಿ, ಟ್ಯಾಬಲ್ಲಿ ಓದಿದರೆ ಅದೂ ಓದೇ ಅಲ್ವಾ? ನಾನು ಮನೆಗೆ ಬರುವಷ್ಟರಲ್ಲಿ ಅವನು ಶಾಲೆಗೆ ಹೊರಟಿರ್ತಾನೆ, ಆದ್ದರಿಂದ ಆಡಿಯೋ ಕತೆ ಹಾಕಿಕೊಡ್ತೀನಿ.

ಗೂಬೆಮರಿ

ಆಡಿಯೋ ಒಳ್ಳೆಯದೇ. ಅದೇ ಪುಸ್ತಕ ಕೈಯಲ್ಲಿದ್ದು, ಬೆರಳು ಇಟ್ಟುಕೊಂಡು ಕೇಳಿದರೆ ಇನ್ನೂ ಒಳ್ಳೆಯದು. ಸ್ಕ್ರೀನ್ ಬಗ್ಗೆ 2018ರಲ್ಲಿ 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಕಾಗದದಲ್ಲಿ ಓದಿದ್ದೇ ಸ್ವಲ್ಪ ಚೆನ್ನಾಗಿ ಅರ್ಥವಾಗುತ್ತದೆ ಅಂತ ಕಂಡಿತು. ಮಾಹಿತಿ ಬರಹಗಳಲ್ಲಿ ಈ ವ್ಯತ್ಯಾಸ ಇತ್ತು, ಬರೀ ಕತೆಯಲ್ಲಿ ಇರಲಿಲ್ಲ. ಹಾಗಾಗಿ ಗಾಬರಿ ಬೇಡ. ಆದರೆ ಮುಟ್ಟಿದರೆ ಕುಣಿಯುವ ಪ್ರಾಣಿ ಇರುವ ಆಪ್ ಆದರೆ ಮಗು ಪ್ರಾಣಿ ಕುಣಿಸುತ್ತೆ, ಓದಲ್ಲ.

ನೀಲಿಪೆನ್ಸಿಲ್

ಅಭ್ಯಾಸ ಶುರು ಮಾಡಿದ್ದೇವೆ, ಹುಳದ ಪುಸ್ತಕವೂ ಬಂತು. ಮನಸ್ಸಿನಲ್ಲಿ ಒಂದು ಭಯ ಇದೆ, ಕೇಳಿಬಿಡ್ತೀನಿ. ಇದು ಡಿಸ್ಲೆಕ್ಸಿಯಾ ಇರಬಹುದಾ? ಅಕ್ಷರ ಉಲ್ಟಾ ಕಾಣುತ್ತಂತೆ ಅಂತ ಯಾರೋ ಅಂದರು. ನಮ್ಮವರಿಗೂ ಚಿಕ್ಕಂದಿನಲ್ಲಿ ಓದು ಕಷ್ಟ ಇತ್ತಂತೆ.

ಮಾತಿನಮನೆ

ಕೇಳಿದ್ದು ಒಳ್ಳೆಯದಾಯಿತು. ಮೊದಲನೆಯದು, ಅಕ್ಷರ ಉಲ್ಟಾ ಕಾಣುವುದು ಅನ್ನುವುದು ತಪ್ಪು ಕಲ್ಪನೆ. ಚಿಕ್ಕ ಮಕ್ಕಳು ಎಲ್ಲರೂ ಒಂದಷ್ಟು ಕಾಲ ಅಕ್ಷರ ತಿರುಗಿಸಿ ಬರೆಯುತ್ತಾರೆ. ಡಿಸ್ಲೆಕ್ಸಿಯಾದ ಬೇರು ಹೆಚ್ಚಾಗಿ ದನಿಯಲ್ಲಿದೆ. ಪದದೊಳಗಿನ ದನಿಗಳನ್ನು ಬಿಡಿಸುವುದು, ಅಕ್ಷರಕ್ಕೆ ಥಟ್ಟನೆ ಜೋಡಿಸುವುದು ಕಷ್ಟವಾಗುತ್ತದೆ. ಅದಕ್ಕೇ ಬಣ್ಣದ ಕನ್ನಡಕಕ್ಕೆ ದುಡ್ಡು ಹಾಕಬೇಡಿ, ಅದರಿಂದ ಓದು ಸುಧಾರಿಸುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ.

ಎರಡನೆಯದು, ಇದು ಮನೆತನದಲ್ಲಿ ಬರುತ್ತದೆ. ನಿಮ್ಮವರಿಗೆ ಕಷ್ಟ ಇತ್ತು ಅನ್ನುವುದನ್ನು ಪರೀಕ್ಷೆ ಮಾಡುವವರಿಗೆ ತಪ್ಪದೆ ಹೇಳಿ. ಬರೆದಂತೆ ಓದುವ ಭಾಷೆಗಳಲ್ಲಿ ಇದು ತಪ್ಪುಗಳಿಗಿಂತ ಹೆಚ್ಚಾಗಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಮಗು ಸರಿಯಾಗೇ ಓದುತ್ತದೆ, ಆದರೆ ಆಮೆ ವೇಗ. "ಓದ್ತಾಳಲ್ಲ" ಅಂತ ದೊಡ್ಡವರು ಸುಮ್ಮನಾಗಿಬಿಡುತ್ತಾರೆ.

ನೀವು ಈಗ ಮಾಡುತ್ತಿರುವುದನ್ನೇ ಎರಡು ಮೂರು ತಿಂಗಳು ಬಿಡದೆ ಮಾಡಿ. ಅರ್ಕಾವತ್ತು, ಒತ್ತು ಹೇಳಿಕೊಟ್ಟ ಮೇಲೆ ಹಿಡಿದುಕೊಂಡರೆ, ಯಾರೂ ಸರಿಯಾಗಿ ಕಲಿಸಿರಲಿಲ್ಲ ಅಂತ ಅರ್ಥ. ಇವತ್ತು ಬಂದದ್ದು ನಾಳೆ ಮಾಯ, ಮತ್ತೆ ಮತ್ತೆ ಹಾಗೇ ಆಗುತ್ತಿದ್ದರೆ ಕಲಿಕೆಯ ತೊಂದರೆ ಪರೀಕ್ಷಿಸುವ ತಜ್ಞರ ಹತ್ತಿರ ಹೋಗಿ. "ದೊಡ್ಡವಳಾದರೆ ಸರಿಹೋಗುತ್ತೆ" ಅಂತ ಕಾಯುವುದು ಮಾತ್ರ ಬೇಡ. ಕಾದಷ್ಟೂ ಅಂತರ ಬೆಳೆಯುತ್ತದೆ: ಓದು ಬರುವವರು ಜಾಸ್ತಿ ಓದುತ್ತಾರೆ, ಪದ ಜಾಸ್ತಿ ಕಲಿಯುತ್ತಾರೆ, ಇನ್ನೂ ಚೆನ್ನಾಗಿ ಓದುತ್ತಾರೆ. ಬಾರದವರು ದೂರ ಸರಿಯುತ್ತಾ ಹೋಗುತ್ತಾರೆ. ಸ್ಟ್ಯಾನೊವಿಚ್ 1986ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ.

ನೇರಮಾತು

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಆದರೂ ಕೇಳ್ತೀನಿ, ಕನ್ನಡಕ್ಕೆ ಇಷ್ಟು ಕಷ್ಟಪಡೋ ಬದಲು ಇಂಗ್ಲಿಷ್ ಓದೇ ಮೊದಲು ಕಲಿಸಿದರೆ ಆಗಲ್ವಾ?

ಕರಿಹಲಗೆ

ಮಗು ಯಾವ ಭಾಷೆಯಲ್ಲಿ ಜಗಳ ಆಡುತ್ತೋ ಆ ಭಾಷೆಯಲ್ಲಿ ಮೊದಲು ಓದಲಿ. ಅಕ್ಷರ ಬಿಡಿಸಿದ ಮೇಲೆ ಸಿಗುವ ಪದ ಅದಕ್ಕೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಬಿಡಿಸಿದ್ದು ಸರಿಯಾ ಅಂತ ಅದಕ್ಕೇ ತಿಳಿಯಲ್ಲ. ಯುನೆಸ್ಕೊ 1953ರ ವರದಿಯಲ್ಲೇ ಮೊದಲ ಕಲಿಕೆ ತಾಯ್ನುಡಿಯಲ್ಲಿ ಇರಲಿ ಅಂದಿತ್ತು. ಕಲಿತ ಓದು ಎರಡನೇ ಭಾಷೆಗೂ ದಾಟುತ್ತದೆ. ಮನೆಯಲ್ಲಿ ಎರಡು ಭಾಷೆ ಇದ್ದರೆ ಎರಡೂ ನಡೆಯಲಿ, ಅದರಿಂದ ತಲೆ ಕೆಡಲ್ಲ.

ಅಜ್ಜನ ಕನ್ನಡಕ

ನಾನು ತಡವಾಗಿ ಸೇರಿಕೊಂಡೆ. ಮೊಮ್ಮಗ ದೂರ ಇದ್ದಾನೆ, ಎರಡನೇ ತರಗತಿ. ವಿಡಿಯೋ ಕಾಲಿನಲ್ಲಿ ಓದಿಸಬೇಕು ಅಂತ ಆಸೆ. ಅವನು ಪುಸ್ತಕ ಹಿಡಿದರೆ ನನಗೆ ಅಕ್ಷರ ಕಾಣುವುದಿಲ್ಲ, ತಪ್ಪು ಓದಿದರೂ ಗೊತ್ತಾಗುವುದಿಲ್ಲ. ಇದರಿಂದ ಪ್ರಯೋಜನ ಇದೆಯೇ?

ಗೂಬೆಮರಿ

ತುಂಬಾ ಇದೆ ತಾತ! ಪುಟ ನಿಮಗೆ ಕಾಣದಿರುವುದೇ ಅನುಕೂಲ. ಅವನು ನಿಜವಾಗಿ ಓದಿದರೆ ಮಾತ್ರ ನಿಮಗೆ ಕತೆ ತಿಳಿಯುತ್ತೆ, ಚಿತ್ರದಲ್ಲಿ ಏನಿದೆ ಅಂತಲೂ ಅವನೇ ಹೇಳಬೇಕು. ತಿದ್ದುವ ಕೆಲಸ ಅವನ ಅಪ್ಪ ಅಮ್ಮನಿಗೆ ಬಿಡಿ. ಅರ್ಥ ಕೂಡದಾಗ ಮಾತ್ರ "ಏನಂದೆ ಪುಟ್ಟ, ಇನ್ನೊಂದು ಸಲ ಹೇಳು, ನನಗೆ ತಿಳೀಲಿಲ್ಲ" ಅನ್ನಿ.

ಮಾತಿನಮನೆ

ಒಂದು ಸೇರಿಸುತ್ತೇನೆ ತಾತ. ಆಗುವುದಾದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ, ದೊಡ್ಡ ಅಕ್ಷರದ್ದು ಸಿಕ್ಕರೆ ಒಳ್ಳೆಯದು. ಒಂದು ಪುಟ ನೀವು, ಒಂದು ಪುಟ ಅವನು. ಕಾಲ್ ಹತ್ತು ಹದಿನೈದು ನಿಮಿಷ ಮೀರದಿರಲಿ. ಜೊತೆಗೆ ಓದುವಾಗ ದನಿ ಹಿಂದೆಮುಂದೆ ಬರುವುದರಿಂದ ಇಬ್ಬರೂ ಒಟ್ಟಿಗೆ ಓದುವುದು ವಿಡಿಯೋದಲ್ಲಿ ಆಗಲ್ಲ, ಸರದಿಯಲ್ಲೇ ಓದಿ.

ಅಜ್ಜನ ಕನ್ನಡಕ

ಸರಿ ತಾಯಿ. ಅವನಿಗೆ ಇಷ್ಟ ರೈಲು. ದೊಡ್ಡ ಅಕ್ಷರದ ರೈಲು ಪುಸ್ತಕ ಯಾರಿಗಾದರೂ ಗೊತ್ತಿದ್ದರೆ ಹೇಳಿ, ಎರಡು ಪ್ರತಿ ಬೇಕು.